ಮೈಸೂರು ಜಾವಾದ ಹಿಂಬದಿ ಬ್ರೇಕು

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸಿದ, ಮುಂದೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಳೆದ ಮೋಟಾರು ಸೈಕಲ್ಲುಗಳ ಹಿಂಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕು. ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಗೆ ಅರ್ಧಚಂದ್ರಾಕಾರದ ಎರಡು ಶೂಗಳನ್ನು ಕ್ಯಾಮ್ ಎಂಬ ಚಪ್ಪಟೆ ತುದಿಯ ಸರಳು ಅಗಲಿಸಿ ಒತ್ತುವುದು ಇದರ ಕ್ರಮ. ಎರಡು ಸ್ಟ್ರೋಕಿನ ಎಂಜಿನ್ನು, ಆಕ್ಸಿಲರೇಟರ್ ಬಿಟ್ಟಾಗ, ನಾಲ್ಕು ಸ್ಟ್ರೋಕಿನದರಷ್ಟು ವೇಗ ತಗ್ಗಿಸದ ಕಾರಣ ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಹೊರೆ ಬೀಳುತ್ತಿತ್ತು.

ಬ್ರೇಕು ಹಿಡಿಯದಾದಾಗ ಅಡ್ಜಸ್ಟಿಂಗ್ ನಟ್ಟನ್ನು ಬಿಗಿಮಾಡುವುದು ಮೊದಲ ಚಿಕಿತ್ಸೆ. ಆದರೆ ಲೈನರ್, ಅಂದರೆ ಶೂವಿನ ಮೇಲೆ ಘರ್ಷಣೆಗೆಂದು ಕೂರಿಸಿದ ಪಟ್ಟಿ, ಸವೆದಂತೆಲ್ಲ ಕ್ಯಾಮ್ ಹೆಚ್ಚು ತಿರುಗಬೇಕಾಗಿ, ಅದರ ಹೊರಗಿನ ಲಿವರು ಎಳೆತಕ್ಕೆ ಲಂಬವಾಗಿರುವ ಸ್ಥಿತಿಯನ್ನು ದಾಟಿಬಿಡುವುದರಿಂದ, ನಟ್ಟನ್ನು ಎಷ್ಟು ಬಿಗಿಮಾಡಿದರೂ ಪೆಡಲಿಗೆ ಹಾಕಿದ ಬಲದಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ. ಲಿವರನ್ನು ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸುವ ಉಪಾಯವು ಕೋನವನ್ನು ಸರಿಪಡಿಸಿದರೂ ಸವೆತವನ್ನು ಮರೆಮಾಚುತ್ತದೆ. ಅದನ್ನು ರಿಪೇರಿ ಎನ್ನುವುದು ಕಷ್ಟ. ಕಾದು ನುಣುಪಾದ ಲೈನರನ್ನು ಎಮರಿ ಕಾಗದದಿಂದ ಉಜ್ಜಿ ಒರಟು ಮಾಡಬಹುದು, ಗ್ರೀಸು ಹೀರಿದ್ದನ್ನಾದರೋ ಬದಲಿಸಲೇಬೇಕು.

ಆ ಕಾಲದ ಲೈನರುಗಳಲ್ಲಿ ಕಲ್ನಾರು ಸಾಮಾನ್ಯವಾಗಿತ್ತು. ಅದರ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಹಳೆಯ ಜಾವಾಗಳು ಇನ್ನೂ ಓಡುತ್ತಿರುವುದರಿಂದ, ಡ್ರಮ್ಮು ಬಿಚ್ಚುವವರು ಒಳಗಿನ ಧೂಳನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಒಳಿತು.