ಯಜ್ಞವೇದಿಯ ಹಗ್ಗ ಮತ್ತು ಲಂಬಕೋನ ತ್ರಿಭುಜ

ಸಂಧ್ಯಾವಂದನೆಯಲ್ಲಿ ಅಭಿವಾದನ ಮಾಡುವಾಗ ಗೋತ್ರಪ್ರವರಗಳೊಡನೆ ಸೂತ್ರದ ಹೆಸರನ್ನೂ ಉಚ್ಚರಿಸುವುದು ಸಂಪ್ರದಾಯ. ಆಶ್ವಲಾಯನ, ಬೌಧಾಯನ, ಆಪಸ್ತಂಬ ಮೊದಲಾದ ಹೆಸರುಗಳು ಹೀಗೆ ಉಪನೀತರಾದ ವಟುಗಳ ನಾಲಗೆಯ ಮೇಲೆ ದಿನವೂ ನಿಲ್ಲುತ್ತವೆ. ಇವರಲ್ಲಿ ಬೌಧಾಯನ, ಆಪಸ್ತಂಬರ ಹೆಸರಿನ ಕಲ್ಪಸೂತ್ರಗಳಲ್ಲಿ ಶುಲ್ಬಸೂತ್ರವೆಂಬ ಒಂದು ಭಾಗವುಂಟು. ಶಾಲೆಯಲ್ಲಿ ಮಕ್ಕಳು ಪೈಥಾಗೊರಸ್ ಪ್ರಮೇಯವೆಂದು ಕಲಿಯುವ ನಿಯಮವು ಅಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿದೆ. ಕೆಲವು ಮನೆಗಳಲ್ಲಿ ಈ ಸಂಗತಿಯೇ ತಿಳಿಯದು. ತಿಳಿದೆಡೆ ಅದು ಎಷ್ಟೋ ಸಲ ಬರಿಯ ಹೆಮ್ಮೆಯ ಮಾತಾಗಿ ಉಳಿದಿದೆ. ಆ ಗ್ರಂಥಗಳಲ್ಲಿ ನಿಜವಾಗಿ ಏನಿದೆ, ಏನಿಲ್ಲ ಎಂಬುದನ್ನು ಅರಿಯುವುದು ಉಚಿತ.

ಶುಲ್ಬವೆಂದರೆ ಹಗ್ಗ. ವೇದಿಯನ್ನು ಅಳೆಯಲು ಗೂಟ ಮತ್ತು ಹಗ್ಗಗಳೇ ಅಂದಿನ ಉಪಕರಣಗಳು. ಬೌಧಾಯನರ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 800ರ ಆಸುಪಾಸೆಂದು ಎಣಿಸುತ್ತಾರೆ. ಆಯತದ ಉದ್ದ ಮತ್ತು ಅಗಲಗಳ ಮೇಲೆ ಬೇರೆಬೇರೆಯಾಗಿ ರಚಿಸಿದ ಚೌಕಗಳೆರಡರ ವಿಸ್ತೀರ್ಣ ಕೂಡಿದರೆ, ಕರ್ಣದ ಮೇಲಿನ ಚೌಕದ ವಿಸ್ತೀರ್ಣವಾಗುತ್ತದೆ ಎಂಬುದು ಅವರ ಸೂತ್ರದ ತಾತ್ಪರ್ಯ. ಕರ್ಣವು ಆಯತವನ್ನು ಎರಡು ಲಂಬಕೋನ ತ್ರಿಭುಜಗಳಾಗಿ ಸೀಳುವುದರಿಂದ ಇದು ಪ್ರಸಿದ್ಧ ಪ್ರಮೇಯವೇ ಆಗಿದೆ. 3-4, 5-12, 8-15, 7-24, 12-35, 15-36 ಎಂಬ ಭುಜಗಳ ಆಯತಗಳಲ್ಲಿ ಇದನ್ನು ಕಾಣಬಹುದೆಂದೂ ಅವರು ಹೇಳಿದ್ದಾರೆ. ಇವುಗಳ ಕರ್ಣಗಳು ಕ್ರಮವಾಗಿ 5, 13, 17, 25, 37 ಮತ್ತು 39.

ಕೊನೆಯ ಜೋಡಿಯ ಪ್ರಯೋಜನ ಸೋಮಯಾಗದ ಮಹಾವೇದಿಯಲ್ಲಿ ತಿಳಿಯುತ್ತದೆ. ಪೂರ್ವಪಶ್ಚಿಮವಾಗಿ 36 ಪ್ರಕ್ರಮ, ಪಶ್ಚಿಮದ ಬದಿ 30, ಪೂರ್ವದ ಬದಿ 24 ಇದರ ಅಳತೆ. ಆಪಸ್ತಂಬರ ವಿಧಾನ ಹೀಗಿದೆ: ನಡುರೇಖೆಯ ಎರಡು ತುದಿಗಳಲ್ಲಿ ಗೂಟ ನೆಡಬೇಕು. 36ಕ್ಕೆ ಅದರ ಅರ್ಧವಾದ 18 ಸೇರಿಸಿ 54 ಪ್ರಕ್ರಮದ ಹಗ್ಗ ಮಾಡಿ, ಪಶ್ಚಿಮದ ತುದಿಯಿಂದ 15ರಲ್ಲಿ ಗುರುತು ಹಾಕಬೇಕು. ತುದಿಗಳನ್ನು ಗೂಟಗಳಿಗೆ ಕಟ್ಟಿ, ಗುರುತನ್ನು ಹಿಡಿದು ದಕ್ಷಿಣಕ್ಕೆ ಬಿಗಿಯಾಗಿ ಎಳೆದರೆ ಒಂದು ಮೂಲೆ ಸಿದ್ಧ. ಉತ್ತರಕ್ಕೆ ಎಳೆದರೆ ಇನ್ನೊಂದು. ಹಗ್ಗದ ಉಳಿದ ಭಾಗ 39. 15ರ ವರ್ಗ 225, 36ರ ವರ್ಗ 1296, ಕೂಡಿದರೆ 1521. ಅದೇ 39ರ ವರ್ಗ. ಆದ್ದರಿಂದ ಗೂಟದ ಬಳಿ ಲಂಬಕೋನ ತಪ್ಪುವಂತಿಲ್ಲ. ಹಗ್ಗದ ತುದಿಗಳನ್ನು ಅದಲುಬದಲು ಮಾಡಿ, 12ರ ಗುರುತಿನಲ್ಲಿ ಪೂರ್ವದ ಮೂಲೆಗಳನ್ನು ಪಡೆಯುತ್ತಾರೆ. ವೇದಿಯ ವಿಸ್ತೀರ್ಣ 972 ಎಂಬುದನ್ನು ಆಪಸ್ತಂಬರು ಒಂದು ಬದಿಯ ತುಂಡನ್ನು ಕತ್ತರಿಸಿ ಮತ್ತೊಂದು ಬದಿಗೆ ಇಟ್ಟು ಆಯತವಾಗಿಸಿ ತೋರಿಸಿದ್ದಾರೆ.

ಇಷ್ಟು ನಿಷ್ಕೃಷ್ಟತೆ ಏಕೆ ಬೇಕಾಯಿತು? ಆಕಾರ ಬೇರೆಯಾದರೂ ವಿಸ್ತೀರ್ಣ ವಿಧಿಸಿದಷ್ಟೇ ಇರಬೇಕೆಂಬುದು ಶಾಸ್ತ್ರದ ನಿರ್ಬಂಧ. ಶ್ಯೇನಾಕಾರದ ಅಗ್ನಿಚಿತಿಯು ಮೊದಲ ಸಲ ಏಳೂವರೆ ಚದರ ಪುರುಷ. ಮುಂದಿನ ಸಲ ಎಂಟೂವರೆ. ಆಕಾರ ಕೆಡದಂತೆ ಒಂದು ಚದರ ಪುರುಷ ಹೆಚ್ಚಿಸಬೇಕಾದರೆ ಎರಡು ಚೌಕಗಳನ್ನು ಒಂದೇ ಚೌಕವಾಗಿ ಕೂಡಿಸುವ ಉಪಾಯ ಬೇಕು. ಆ ಉಪಾಯವೇ ಈ ನಿಯಮ.

ಚೌಕದ ಕರ್ಣಕ್ಕೆ ಅವರು ಕೊಟ್ಟ ಅಳತೆಯೂ ಬೆರಗುಗೊಳಿಸುವಂಥದು. ಭುಜಕ್ಕೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸಿ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಕೂಡಿಸಿ, ಈ ಕೊನೆಯದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆಯಬೇಕು. ಬರುವ ಬೆಲೆ 1.4142157, ನಿಜವಾದ ಬೆಲೆ 1.4142136. ಒಂದು ಕಿಲೋಮೀಟರ್ ಭುಜದ ಚೌಕದಲ್ಲಿ ಕರ್ಣಕ್ಕೆ ಬರುವ ವ್ಯತ್ಯಾಸ ಸುಮಾರು ಎರಡು ಮಿಲಿಮೀಟರ್ ಮಾತ್ರ!

ಹಾಗಾದರೆ ಪ್ರಮೇಯವು ಮೊದಲು ಇಲ್ಲಿಯೇ ಹುಟ್ಟಿತೆನ್ನಬಹುದೇ? ಸತ್ಯವನ್ನು ಮರೆಮಾಚುವುದು ಸಲ್ಲದು. ಕ್ರಿ.ಪೂ. 1800ರ ಸುಮಾರಿನ ಬ್ಯಾಬಿಲೋನಿನ ಒಂದು ಮಣ್ಣಿನ ಫಲಕದಲ್ಲಿ 119 ಮತ್ತು 169ರಂಥ ಭುಜ-ಕರ್ಣಗಳ ಪಟ್ಟಿಯಿದೆ. ಇವಕ್ಕೆ ಹೊಂದುವ ಇನ್ನೊಂದು ಭುಜ 120. ಶುಲ್ಬಸೂತ್ರಗಳು ನಿಯಮವನ್ನು ಹೇಳುತ್ತವೆಯೇ ಹೊರತು ಅದಕ್ಕೆ ಉಪಪತ್ತಿಯನ್ನು ಕೊಡುವುದಿಲ್ಲ. ಕ್ರಿ.ಪೂ. 6ನೆಯ ಶತಮಾನದ ಪೈಥಾಗೊರಸನ ಸ್ವಂತ ಬರಹವೊಂದೂ ಉಳಿದಿಲ್ಲ. ಕ್ರಮಬದ್ಧವಾದ ಸಾಧನೆ ದೊರೆಯುವುದು ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ಗ್ರಂಥದಲ್ಲಿ. ಆದರೆ ನಿಯಮವನ್ನು ಯಾವ ಆಯತಕ್ಕೂ ಸಲ್ಲುವಂತೆ ಸಾಮಾನ್ಯ ವಾಕ್ಯದಲ್ಲಿ ಹೇಳಿದ, ಇಂದಿಗೂ ಉಳಿದಿರುವ ಅತಿ ಪ್ರಾಚೀನ ಗ್ರಂಥಗಳಲ್ಲಿ ಬೌಧಾಯನರದು ಅಗ್ರಗಣ್ಯ. ಈ ಗೌರವಕ್ಕೆ ಉತ್ಪ್ರೇಕ್ಷೆಯ ಹಂಗು ಬೇಕಿಲ್ಲ. ಶುಲ್ಬಸೂತ್ರಗಳ ಮಹತ್ವವನ್ನು 1875ರಲ್ಲಿ ವಿದ್ವಲ್ಲೋಕಕ್ಕೆ ವಿವರವಾಗಿ ಪರಿಚಯಿಸಿದವನು ಜರ್ಮನ್ ಪಂಡಿತ ಥೀಬೋ ಎಂಬುದೂ ಸ್ಮರಣೀಯ.

ಉಪಪತ್ತಿಯ ಪರಂಪರೆ ಭಾರತದಲ್ಲಿಯೂ ಬೆಳೆಯಿತು. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ತೋರಿಸಿದ ರೀತಿ ಬಾಲಕರಿಗೂ ಸುಲಭ. 3-4-5ರ ನಾಲ್ಕು ತ್ರಿಭುಜಗಳನ್ನು ಕರ್ಣಗಳು ಹೊರಬದಿಗೆ ಬರುವಂತೆ ಜೋಡಿಸಿದರೆ 5ರ ಚೌಕವಾಗಿ, ನಡುವೆ 1ರ ಪುಟ್ಟ ಚೌಕ ಉಳಿಯುತ್ತದೆ. ತ್ರಿಭುಜವೊಂದರ ವಿಸ್ತೀರ್ಣ 6, ನಾಲ್ಕಕ್ಕೆ 24, ನಡುವಿನದು 1, ಒಟ್ಟು 25. ಅದೇ 9 ಮತ್ತು 16ರ ಮೊತ್ತ. ಭುಜಗಳು ಯಾವುವಾದರೂ ಇದೇ ಜೋಡಣೆ ಸಲ್ಲುತ್ತದೆ. 16ನೆಯ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವರು ಮಲಯಾಳದ ಯುಕ್ತಿಭಾಷೆಯಲ್ಲಿ ಇಂಥ ಉಪಪತ್ತಿಗಳನ್ನು ವಿಸ್ತರಿಸಿ ಬರೆದರು.

ಇಂದಿಗೂ ಮನೆಯ ಪಾಯ ಗುರುತಿಸುವ ಮೇಸ್ತ್ರಿ 3-4-5ರ ಅಳತೆಯಿಂದ ಮೂಲೆಯನ್ನು ನೇರಗೊಳಿಸುತ್ತಾನೆ. ಹನ್ನೆರಡು ಸಮಭಾಗಗಳಿಗೆ ಗುರುತು ಹಾಕಿದ ಒಂದು ಹಗ್ಗವನ್ನು ಮಕ್ಕಳ ಕೈಗಿತ್ತು, ಅಂಗಳದಲ್ಲಿ ಲಂಬಕೋನವೊಂದನ್ನು ಎಳೆಯಿಸಿದರೆ, ಸೂತ್ರಕಾರರ ಹೆಸರನ್ನು ಹೇಳುವ ಬಾಯಿಯ ಜೊತೆಗೆ ಕೈಯೂ ಅವರ ವಿದ್ಯೆಯನ್ನು ಅರಿತೀತು. ಪೂರ್ವಿಕರಿಗೆ ಸಲ್ಲಬೇಕಾದ ನಿಜವಾದ ಅಭಿವಾದನ ಅದೇ ಅಲ್ಲವೇ?