ಕಾಳಿ ವಿಗ್ರಹದ ಕೆಳಗಿದ್ದ ಅಶೋಕ

1/5
ಚಂದ್ರಾ ಲೇಔಟ್‌ನಿಂದ ಇವತ್ತು ಸೀದಾ ಚಂದ್ರಲಾಂಬೆಯ ಊರಿಗೆ ಹೋಗೋಣ. ಸನ್ನತಿ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿ ದಂಡೆಯಲ್ಲಿರೋ ಪುಟ್ಟ ಹಳ್ಳಿ. ದೇವಿ ದರ್ಶನಕ್ಕೆ ಹೋಗೋರಿಗೆ ಚೆನ್ನಾಗಿ ಗೊತ್ತು. ನನಗೆ ಮೊನ್ನೆ ತನಕ ಹೆಸರೂ ಗೊತ್ತಿರಲಿಲ್ಲ.

2/5
1986ರಲ್ಲಿ ಆ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸೀತು. ವಿಗ್ರಹ ಒಡೆದುಹೋಯ್ತು. ನೋಡಿದ್ರೆ, ಅದರ ಪೀಠದ ಕಲ್ಲಿನ ಮೇಲೆ ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 2,200 ವರ್ಷಕ್ಕೂ ಹಳೆಯ ಅಶೋಕನ ಶಾಸನ, ಕಲ್ಲಿನ ಎರಡೂ ಬದಿ. ವಿಗ್ರಹ ಕೂರಿಸೋಕೆ ನಡುವೆ ತೂತು ಕೊರೆದಿದ್ರಿಂದ ಅಲ್ಲಿದ್ದ ಅಕ್ಷರಗಳು ಹೋಗಿವೆ.

ಗುಡಿ ಕಟ್ಟಿದವರನ್ನ ಬೈಬೇಡಿ. ಬ್ರಾಹ್ಮಿ ಓದೋದು ಎಷ್ಟೋ ಶತಮಾನ ಎಲ್ಲರಿಗೂ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ ಮೇಲೇ ಮತ್ತೆ ಓದೋಕೆ ಬಂದಿದ್ದು.

3/5
ಆ ಕಲ್ಲಲ್ಲಿರೋದ್ರಲ್ಲಿ ಒಂದು ಅಶೋಕನ 12ನೇ ಶಾಸನ. ಅದರ ಸಾರ ಇಷ್ಟೇ: ನಮ್ಮ ಮತವನ್ನೇ ಹೊಗಳಿ ಬೇರೆಯವರದ್ದನ್ನ ತೆಗಳಿದ್ರೆ, ಕೆಡೋದು ನಮ್ಮದೇ. ಬೌದ್ಧ ರಾಜನ ಈ ಮಾತಿನ ಮೇಲೆ ಕಾಳಿ ನಿಂತಿದ್ದಳು! ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

4/5
ಪಕ್ಕದಲ್ಲೇ ಕನಗನಹಳ್ಳಿ. 1994ರಿಂದ ಕೆಲವು ವರ್ಷ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ತು. ಅದರ ಒಂದು ಶಿಲ್ಪದಲ್ಲಿ ರಾಜ, ರಾಣಿ, ಸೇವಕಿಯರು. ಜೊತೆಗೆ ಹೆಸರು: ‘ರಾಯೋ ಅಶೋಕೋ’. ಅಶೋಕ ತೀರಿಕೊಂಡು ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಹಾಗಾಗಿ ಅವನು ನಿಜವಾಗ್ಲೂ ಹೀಗೇ ಇದ್ದ ಅನ್ನೋಕಾಗಲ್ಲ. ಆದ್ರೂ ಹೆಸರು ಬರೆದಿರೋ ಅಶೋಕನ ಶಿಲ್ಪ ಅದು!

ಇನ್ನೊಂದು ವಿಷಯ. ಅವನ ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಬಿರುದು ಇರುತ್ತೆ, ‘ಅಶೋಕ’ ಅಂತ ಇರಲ್ಲ. ಆ ಬಿರುದಿನ ರಾಜ ಅಶೋಕನೇ ಅಂತ ಖಚಿತ ಮಾಡಿದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. ಹೆಸರೂ ನಮ್ಮ ಕಡೆಯಿಂದ, ಮುಖವೂ ನಮ್ಮ ಕಡೆಯಿಂದ.

5/5
ಆದ್ರೆ ಕನಗನಹಳ್ಳಿಯ ಶಿಲ್ಪಗಳು ಅಗೆದು ತೆಗೆದ ಮೇಲೂ ವರ್ಷಗಟ್ಟಲೆ ಬಿಸಿಲು ಮಳೆಯಲ್ಲೇ ಬಿದ್ದಿದ್ವು. ಸನ್ನತಿ ಗುಡಿಯವರಿಗೆ ಓದೋಕೆ ಬರ್ತಿರಲಿಲ್ಲ. ನಮಗೆ ಬರುತ್ತೆ, ಆದ್ರೂ ಹೀಗೆ. ಬಿಕಾಂ ಓದೋ ನನಗೆ ಅನ್ಸಿದ್ದು: ಲೆಕ್ಕಕ್ಕೆ ಬರೆಯದ ಆಸ್ತಿ ಕಳೆದುಹೋದ್ರೂ ಯಾರಿಗೂ ಗೊತ್ತಾಗಲ್ಲ.

ಹಬ್ಬಕ್ಕೆ ಅಜ್ಜಿ ಊರಿಗೆ ಹೋದಾಗ ಗುಡಿ ಹಿಂದೆ, ಕೆರೆ ಏರಿ ಮೇಲೆ ಒಂದ್ಸಲ ನೋಡಿ. ಅಕ್ಷರ ಇರೋ ಕಲ್ಲು ಕಂಡ್ರೆ ಉಜ್ಜಬೇಡಿ, ಪೇಂಟ್ ಹೊಡೀಬೇಡಿ. ಫೋಟೋ ತೆಗೆದು ಊರ ಹೆಸರಿನ ಜೊತೆ ಕಳಿಸಿ. ಮುಂದಿನ ಸರಣಿ ನಿಮ್ಮೂರಿನದೇ ಆಗಲಿ.