ಆಕ್ಯುಪೇಷನಲ್ ಥೆರಪಿ: ಎಲ್ಲ ಮಕ್ಕಳಿಗೂ ಒಂದೇ ತರಗತಿ

ಆಕ್ಯುಪೇಷನಲ್ ಥೆರಪಿ ಎಂದೊಡನೆ ನಮ್ಮಲ್ಲಿ ಅನೇಕರು ಅದು ಉದ್ಯೋಗಕ್ಕೆ ಸಂಬಂಧಿಸಿದ್ದೆಂದು ಭಾವಿಸುತ್ತೇವೆ. ಆದರೆ ಮಗುವಿನ ಮಟ್ಟಿಗೆ ಆಟ, ಊಟ, ಬಟ್ಟೆ ತೊಡುವುದು, ಬರೆಯುವುದು ಇವೇ ಕೆಲಸಗಳು. ಇವುಗಳಿಗೆ ಕಷ್ಟಪಡುವ ಮಗುವಿಗೆ ನೆರವಾಗುವುದೇ ಈ ಚಿಕಿತ್ಸೆಯ ಗುರಿ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಪಾದಗಳಿಗೆ ಆಧಾರವಾಗಿ ಮಣೆ ಇಟ್ಟರೆ ಮೈ ಅಲುಗದೆ ಕೈ ಬರೆಯಲು ಅನುಕೂಲವಾಗುತ್ತದೆ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸುಲಭ. ಗದ್ದಲ ಸಹಿಸಲಾಗದ ಆಟಿಸಂ ಮಗುವಿಗೆ ಬಾಗಿಲಿನಿಂದ ದೂರದ ಜಾಗ ಹಿತ. ಥೆರಪಿಸ್ಟರು ಮಗುವನ್ನು ಪರೀಕ್ಷಿಸಿ ಇಂತಹ ಮಾರ್ಪಾಡುಗಳನ್ನು ಶಿಕ್ಷಕರಿಗೂ ಹೆತ್ತವರಿಗೂ ತಿಳಿಸಿಕೊಡುತ್ತಾರೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ 2 ಬಾರಿ ತಪಾಸಣೆ ನಡೆಯಬೇಕು. ಬೆಳವಣಿಗೆಯಲ್ಲಿ ವಿಳಂಬ ಕಂಡರೆ ಹೆತ್ತವರು ಕಾಯಬಾರದು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಿ, ಮಗುವಿಗೆ ತಕ್ಕ ಸೌಕರ್ಯ ಒದಗಿಸಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆಶಯ.

ನಮ್ಮ ಧರ್ಮಪ್ರಾಂತ್ಯದ ಶಾಲೆಗಳಿಗೂ ಇದು ಅನ್ವಯ. ‘ಬೇರೆ ಶಾಲೆ ನೋಡಿ’ ಎನ್ನುವ ಮೊದಲು, ಒಂದು ಮಣೆಯಿಂದ ಆಗುವ ಕೆಲಸವೇ ಇದು ಎಂದು ನಾವು ವಿಚಾರಿಸೋಣ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಸಿಟ್ಟುಗೊಂಡದ್ದನ್ನು ಮರೆಯದಿರೋಣ.